ಎರಡು ಕಡಿಮೆ ಹೊಡೆಯುವ ಗಡಿಯಾರ

ಬೇರೆಯವರ ವಸ್ತುಗಳಲ್ಲಿ ಹುಳುಕು ಹುಡುಕುವುದೇ ನನ್ನ ಉದ್ಯೋಗ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಈ ಕೆಲಸವನ್ನು ನಮ್ಮ ಬೀದಿಯಲ್ಲಿ ಎಲ್ಲರೂ ಮಾಡುತ್ತಾರೆ. ಅವರು ಪುಕ್ಕಟೆ ಮಾಡುತ್ತಾರೆ, ನನಗೆ ಸಂಬಳ ಬರುತ್ತದೆ, ಅಷ್ಟೇ ವ್ಯತ್ಯಾಸ. ಹಳೆಯ ಮೇಜು ಕುರ್ಚಿ, ಗೋಡೆ ಗಡಿಯಾರ, ಕಾರುಗಳನ್ನು ಹರಾಜು ಹಾಕುವ ಬೆಂಗಳೂರಿನ ಒಂದು ಕಂಪನಿಗೆ ನಾನು ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ಪರೀಕ್ಷಕ. ಯಾರಾದರೂ ನಮ್ಮ ಮನೆಯಲ್ಲಿ ತಾತನ ಕಾಲದ ಬೀರು ಇದೆ ಎಂದು ತಿಳಿಸಿದರೆ ಸಾಕು, ಟಾರ್ಚು, ಭೂತಗನ್ನಡಿ, ಅಳತೆ ಟೇಪು ಹಿಡಿದು ಹೊರಡುತ್ತೇನೆ. ಅದರ ಹೊಟ್ಟೆ ಬೆನ್ನು ತಟ್ಟಿ, ಎಲ್ಲಿ ಬಿರುಕು, ಎಲ್ಲಿ ಹುಳ, ಯಾವ ಕಾಲು ಮೂಲದ್ದು, ಯಾವುದು ಆಮೇಲೆ ಜೋಡಿಸಿದ್ದು ಎಂದೆಲ್ಲ ಬರೆದು ಕಳಿಸುತ್ತೇನೆ. ಎಲ್ಲೋ ದೂರದಲ್ಲಿ ಕುಳಿತವರು ಅದನ್ನು ಓದಿ, ವಸ್ತುವನ್ನು ಕಣ್ಣಲ್ಲಿ ಕಾಣದೆಯೇ ಸವಾಲು ಕೂಗುತ್ತಾರೆ.

ತೊಂದರೆ ಏನೆಂದರೆ, ಕೆಲಸ ಮುಗಿದ ಮೇಲೂ ಕಣ್ಣು ಸುಮ್ಮನಿರುವುದಿಲ್ಲ. ಹೋದ ವರ್ಷ ಭಾವಮೈದುನನ ಮಗಳಿಗೆ ಗಂಡು ನೋಡಲು ನನ್ನನ್ನೂ ಕರೆದುಕೊಂಡು ಹೋಗಿದ್ದರು. ಹುಡುಗ ಹೇಗೆ ಎಂದು ಅತ್ತಿಗೆ ಮೆಲ್ಲಗೆ ಕೇಳಿದಾಗ ನನ್ನ ಬಾಯಿಂದ ಬಂದದ್ದು ಹೀಗೆ: "ಒಟ್ಟು ಸ್ಥಿತಿ ಉತ್ತಮ. ಎಡ ಮಂಡಿಯ ಕೀಲು ಸ್ವಲ್ಪ ಸಡಿಲ. ಮುಂದಿನ ಒಂದು ಹಲ್ಲು ಆಮೇಲೆ ಕೂರಿಸಿದ್ದು. ತಲೆಯ ಬಣ್ಣ ಮೂಲದ್ದಲ್ಲ." ಹುಡುಗನ ಸೋದರತ್ತೆ ನನ್ನ ಬೆನ್ನ ಹಿಂದೆಯೇ ಕಾಫಿ ತಟ್ಟೆ ಹಿಡಿದು ನಿಂತಿದ್ದರು. ಮದುವೆಯೇನೋ ಆಯಿತು. ಆದರೆ ಊಟದ ಪಂಕ್ತಿಯಲ್ಲಿ ನನ್ನ ಎಲೆಗೆ ಬಂದದ್ದೆಲ್ಲ ತಣ್ಣಗಿತ್ತು. ನನ್ನ ಹೆಂಡತಿ ಗಿರಿಜಾ ಅಂದಿನಿಂದ ಶುಭಕಾರ್ಯಗಳಿಗೆ ನನ್ನನ್ನು ಕರೆದೊಯ್ಯುವಾಗ ಕನ್ನಡಕವನ್ನು ತನ್ನ ಚೀಲದಲ್ಲಿ ಇಟ್ಟುಕೊಳ್ಳುತ್ತಾಳೆ.

ನಮ್ಮ ಸೀಮೆಯಲ್ಲಿ ಈ ಕೆಲಸಕ್ಕೆ ಇರುವ ದೊಡ್ಡ ಶತ್ರು ಗೆದ್ದಲಲ್ಲ, ಮರ್ಯಾದೆ. ನೋಡಲು ಬೆಂಗಳೂರು ಕಂಪನಿಯವರು ಬರುತ್ತಾರೆ ಎಂದರೆ ಮನೆಯವರು ಸುಮ್ಮನೆ ಕೂರುವುದಿಲ್ಲ, ವಸ್ತುವಿಗೆ ಶೃಂಗಾರ ಮಾಡುತ್ತಾರೆ. ಪರಶುರಾಂಪುರದಲ್ಲಿ ಒಬ್ಬರು ಮುತ್ತಜ್ಜನ ತೇಗದ ಪೆಟ್ಟಿಗೆಗೆ ಟ್ರಾಕ್ಟರ್ ಟ್ರೇಲರಿನಲ್ಲಿ ಉಳಿದ ನೀಲಿ ಬಣ್ಣ ಬಳಿದಿದ್ದರು. ಬಳಿದ ಪೇಂಟರನಿಗೆ ಕೈ ತಡೆಯದೆ ಹಿಂಬದಿಗೆ ಎರಡು ನವಿಲು ಬಿಡಿಸಿ, ನಡುವೆ "ಅಂತರ ಕಾಯ್ದುಕೊಳ್ಳಿ" ಎಂದೂ ಬರೆದಿದ್ದ. ಚಳ್ಳಕೆರೆಯ ಮಂಡಿ ವರ್ತಕರೊಬ್ಬರ ಅಂಬಾಸಿಡರ್ ಕಾರು ಹೊರಗಿನಿಂದ ಲಕ್ಷಣವಾಗಿತ್ತು. ಒಳಗೆ ತಲೆ ಹಾಕಿದೊಡನೆ ನನಗೆ ಕಣ್ಣೀರು ಬಂತು. ತಾತನ ಕಾರಲ್ಲವೇ, ನೋಡಿದವರಿಗೆಲ್ಲ ಹೀಗೇ ಆಗುತ್ತದೆ ಎಂದು ಅವರು ನನ್ನ ಭುಜ ತಟ್ಟಿ ಸಮಾಧಾನ ಹೇಳಿದರು. ಹಿಂದಿನ ಸೀಟಿನಲ್ಲಿ ಎಷ್ಟೋ ವರ್ಷ ಈರುಳ್ಳಿ ತುಂಬಿದ್ದರು.

ಇಷ್ಟೆಲ್ಲ ನೋಡಿದ ನನ್ನನ್ನು ಕೆಡವಿದ್ದು ಮೊಳಕಾಲ್ಮುರಿನ ಒಂದು ಗೋಡೆ ಗಡಿಯಾರ. ಅಲ್ಲಿ ವೀರಭದ್ರಪ್ಪ ಎಂಬ ರೇಷ್ಮೆ ಸೀರೆ ವ್ಯಾಪಾರಿ ಇದ್ದಾರೆ. ಬೀದಿಯ ಮಗ್ಗಗಳಲ್ಲಿ ನೇಯ್ದ ಸೀರೆಗಳೆಲ್ಲ ಅವರ ಮನೆಗೇ ಬರುತ್ತವೆ. ನಡುಮನೆಯನ್ನೇ ಗಾಜು, ದೀಪ ಹಾಕಿ ಅಂಗಡಿ ಮಾಡಬೇಕೆಂದು ಹೊರಟಿದ್ದ ಅವರು ಅಲ್ಲಿದ್ದ ಒಂದು ತೇಗದ ಬೀರು, ಹೊರಗಿನ ಚಪ್ಪರದಲ್ಲಿದ್ದ ಒಂದು ಕಾರು, ಗೋಡೆಯ ಮೇಲಿನ ಗಡಿಯಾರ, ಮೂರನ್ನೂ ಹರಾಜಿಗೆ ಹಾಕಲು ನನ್ನನ್ನು ಕರೆಸಿದ್ದರು. "ಹಳೇ ಸಾಮಾನು ಕಂಡ್ರೆ ಸೀರೇನೂ ಹಳೇದೇ ಅಂತಾರೆ ಸ್ವಾಮಿ ಗಿರಾಕಿಗಳು," ಎಂಬುದು ಅವರ ವಾದ.

ಅವರ ಹೆಂಡತಿ ಶಾಂತಮ್ಮ ಮೊದಲಿಗೆ ನನಗೆ ಅರ್ಥವೇ ಆಗಲಿಲ್ಲ. ಬೀರುವಿನ ಹಿಂದೆ ಹುಳ ತಿಂದ ತೂತುಗಳಿದ್ದ ಕಡೆಯೇ ಬೆನ್ನು ಕೊಟ್ಟು ನಿಂತು, ಇಂಥ ಬೀರು ಈ ತಾಲ್ಲೂಕಿನಲ್ಲೇ ಇಲ್ಲ ಎಂದರು. ಕಾರಿನ ಮುಂದಿನ ಸೀಟಿನಲ್ಲಿ ಕಾವಿಗೆ ಕೂತಿದ್ದ ಕೋಳಿಯನ್ನು ಸೆರಗಿನಲ್ಲಿ ಸುತ್ತಿ ಎತ್ತಿಕೊಂಡು, ಇದು ಈಗ ತಾನೇ ಹತ್ತಿದ್ದು ಎಂದರು. ಆದರೆ ಗಡಿಯಾರದ ಹತ್ತಿರ ಬಂದೊಡನೆ ಮಾತು ಉಲ್ಟಾ ಹೊಡೆಯಿತು. ಗಾಜಿನಲ್ಲಿ ಸಣ್ಣ ಗೀರು ಇದೆ ಎಂದು ನಾನು ಹೇಳಿದ್ದೇ ತಡ, ಮಂಡಕ್ಕಿ ಮೆಣಸಿನಕಾಯಿ ಬಂತು. ಮುಳ್ಳಿಗೆ ತುಕ್ಕು ಎಂದೆ, ಗಟ್ಟಿ ಹಾಲಿನ ಚಹಾ ಬಂತು. ಪೆಟ್ಟಿಗೆಯ ತಳ ಸ್ವಲ್ಪ ಬಾಗಿದೆ ಎಂದಾಗ ಅಡುಗೆಮನೆಯಿಂದ ಹೋಳಿಗೆ ಬೇಯುವ ವಾಸನೆ ಬರತೊಡಗಿತು. ನನ್ನ ಇಡೀ ವೃತ್ತಿಜೀವನದಲ್ಲಿ ಹುಳುಕು ಹುಡುಕಿದ್ದಕ್ಕೆ ಇಷ್ಟು ಪ್ರೋತ್ಸಾಹ ಸಿಕ್ಕಿರಲಿಲ್ಲ.

ಯಜಮಾನರು ಫೋನಿನಲ್ಲಿ ಮಾತಾಡುತ್ತಾ ಹೊರಗೆ ಹೋದಾಗ ಆಕೆ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದರು: "ತಮ್ಮಾ, ಈ ಮನೇಲಿರೋದೆಲ್ಲಾ ಅವರ ಅಪ್ಪಂದು. ಇದೊಂದು ನಮ್ಮಪ್ಪ ನನ್ ಮದ್ವೇಲಿ ಕೊಟ್ಟಿದ್ದು. ಇದೂ ಹೋದ್ರೆ ನಂದು ಅನ್ನೋದು ಇಲ್ಲೇನೂ ಇರಂಗಿಲ್ಲ. ಇನ್ನೊಂದೀಟು ತಪ್ಪು ಹುಡುಕು." ಈ ಗಡಿಯಾರ ಈ ಮನೆ ಬಿಟ್ಟು ಹೋಗಬಾರದು ಎಂದು ಅಲ್ಲೇ ತೀರ್ಮಾನಿಸಿದೆ. ಆದರೆ ಹೊಟ್ಟೆಗೆ ಬಿದ್ದ ಮಂಡಕ್ಕಿಯ ಋಣಕ್ಕೆ ಸುಳ್ಳು ಬರೆಯುವವನಲ್ಲ ನಾನು. ನಿಜವಾದ, ದೊಡ್ಡ ದೋಷವೇ ಒಂದು ಬೇಕಿತ್ತು.

ಅದನ್ನು ಗಡಿಯಾರವೇ ಒದಗಿಸಿತು. ಎರಡೂ ಮುಳ್ಳು ಹನ್ನೆರಡರ ಮೇಲೆ ನಿಂತವು. ಗಂಟೆ ಹೊಡೆದದ್ದು ಹತ್ತೇ. ಒಳಗೆ ಬಂದ ಯಜಮಾನರನ್ನು ಕೇಳಿದರೆ, ಮುಳ್ಳು ಸರಿ ಇದೆ, ಗಂಟೆ ಮಾತ್ರ ಮೊದಲಿನಿಂದಲೂ ಎರಡು ಕಡಿಮೆ ಎಂದು, ಮನೆಯ ಹಿರಿಯರಿಗೆ ಕಿವಿ ಸ್ವಲ್ಪ ಮಂದ ಎನ್ನುವಷ್ಟು ಸಹಜವಾಗಿ ಹೇಳಿದರು. ಗಂಟೆ ತಪ್ಪುವ ಗಡಿಯಾರವನ್ನು ಕಂಪನಿ ಮುಟ್ಟುವುದೇ ಇಲ್ಲ ಎಂದು ನಾನು ತೀರ್ಪು ಕೊಟ್ಟೆ. ಶಾಂತಮ್ಮನವರ ಮುಖ ಅರಳಿತು. ಅಷ್ಟಕ್ಕೇ ನಾನು ಎದ್ದು ಕೈ ತೊಳೆದಿದ್ದರೆ ಈ ಪ್ರಬಂಧ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ವೀರಭದ್ರಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿ, "ತಪ್ಪು ಹುಡುಕೋದು ಯಾರಿಗೂ ಬರ್ತೈತೆ ಸ್ವಾಮಿ. ಸರಿ ಮಾಡಕ್ಕೆ ಬರ್ತೈತಾ?" ಎಂದರು.

ಪರೀಕ್ಷಕನಾದವನು ನೋಡಬೇಕು, ಬರೆಯಬೇಕು, ಬಾಗಿಲು ಮುಚ್ಚಬೇಕು. ರಿಪೇರಿಗೆ ಕೈ ಹಾಕಬಾರದು. ಇದು ಕಂಪನಿಯ ಮೊದಲ ನಿಯಮ. ಆದರೆ ಅದನ್ನು ಬರೆದವರು ವೀರಭದ್ರಪ್ಪನವರ ಆ ನೋಟವನ್ನು ನೋಡಿಲ್ಲ. ಇಂಥ ಗಡಿಯಾರದಲ್ಲಿ ಗಂಟೆಯನ್ನು ತಡೆಹಿಡಿಯುವ ಒಂದು ಸಣ್ಣ ಸನ್ನೆಕಡ್ಡಿ ಇರುತ್ತದೆ. ಅದನ್ನು ಎತ್ತಿದರೆ ಮುಳ್ಳು ಅಲ್ಲೇ ಇದ್ದರೂ ಗಂಟೆ ಒಂದು ಹೆಜ್ಜೆ ಮುಂದೆ ಹೋಗಿ ಹೊಡೆಯುತ್ತದೆ. ಒಮ್ಮೆ ಎತ್ತಿದೆ, ಹನ್ನೊಂದು ಹೊಡೆಯಿತು. ಇನ್ನೊಮ್ಮೆ ಎತ್ತಿದೆ, ಹನ್ನೆರಡು ಹೊಡೆಯಿತು. "ನೋಡಿ," ಎಂದು ಹೆಮ್ಮೆಯಿಂದ ತಿರುಗಿದೆ. ಬಾಗಿಲಲ್ಲಿ ಶಾಂತಮ್ಮ ಹೋಳಿಗೆಯ ತಟ್ಟೆ ಹಿಡಿದು ನಿಂತಿದ್ದರು. ತಟ್ಟೆ ಸಮೇತ ಒಳಗೆ ಹೋದರು. ಆಗ ನನಗೆ ಹೊಳೆಯಿತು, ಆಕೆಯ ಗಡಿಯಾರವನ್ನು ಮನೆಯಲ್ಲಿ ಉಳಿಸಿದ್ದ ಒಂದೇ ಒಂದು ದೋಷವನ್ನು ನಾನೇ ಕೈಯಾರೆ ತೆಗೆದುಹಾಕಿದ್ದೆ. ಯಜಮಾನರು ಆಗಲೇ ಗಡಿಯಾರ ಸುತ್ತಲು ಹಳೆಯ ಹತ್ತಿಬಟ್ಟೆ ಹುಡುಕುತ್ತಿದ್ದರು. ನನ್ನ ಊಟಕ್ಕೆ ಅನ್ನ ಬಂತು, ಸಾರು ಬಂತು, ಮಜ್ಜಿಗೆ ಬಂತು. ಹೋಳಿಗೆ ಬರಲಿಲ್ಲ. ಅಷ್ಟು ನಾಚಿಕೆಯಿಂದ ನಾನು ಎಂದೂ ಸಾರು ಕಲಸಿಲ್ಲ.

ಮಜ್ಜಿಗೆ ಕುಡಿಯುವ ಹೊತ್ತಿಗೆ ಗಡಿಯಾರ ಒಂದು ಹೊಡೆಯಿತು. ಸ್ವಲ್ಪ ಹೊತ್ತಿನಲ್ಲೇ ಹೊರಗೆ ಗಲಾಟೆ ಕೇಳಿಸಿತು. ಆ ಬೀದಿಯ ಒಂದು ವಿಷಯ ನನಗೆ ಗೊತ್ತಿರಲಿಲ್ಲ. ಅಲ್ಲಿ ಮನೆಮನೆಯಲ್ಲೂ ಗುಂಡಿ ಮಗ್ಗ. ನೇಕಾರರ ಕಾಲು ಗುಂಡಿಯಲ್ಲಿ, ಕೈ ಲಾಳಿಯ ಮೇಲೆ, ಕಣ್ಣು ಎಳೆಯ ಮೇಲೆ. ಫೋನು ಎಲ್ಲರಿಗೂ ಇದೆ, ಅದನ್ನು ತೆಗೆದು ನೋಡಲು ಅಂಗ ಮಿಕ್ಕಿಲ್ಲ. ಬಿಡುವಾಗಿರುವುದು ಕಿವಿ ಒಂದೇ. ಹಾಗಾಗಿ ಬೀದಿಗೆ ಬೀದಿಯೇ ಶಾಂತಮ್ಮನವರ ಗಡಿಯಾರ ಕೇಳಿ, ಎರಡು ಕೂಡಿಸಿಕೊಂಡು ಬದುಕುತ್ತಿತ್ತು. ಹತ್ತು ಹೊಡೆದರೆ ಹನ್ನೆರಡು, ಊಟಕ್ಕೆ ಏಳಬೇಕು. ಅಂದು ಹತ್ತರ ಹಿಂದೆಯೇ ಹನ್ನೊಂದು, ಅದರ ಹಿಂದೆಯೇ ಹನ್ನೆರಡು ಹೊಡೆದು, ಅವರ ಲೆಕ್ಕದಲ್ಲಿ ಮಧ್ಯಾಹ್ನ ಎರಡಾಗಿಹೋಗಿತ್ತು.

ಮೊದಲು ಒಳಗೆ ಬಂದದ್ದು ಓಬಳೇಶ ಎಂಬ ನೇಕಾರ, ಹಸಿದ ಮುಖದಲ್ಲಿ. "ಊಟಕ್ಕೆ ಏಳಾಣ ಅಂತ ಗುಂಡಿಯಿಂದ ಕಾಲು ಎತ್ತೋದ್ರೊಳಗೆ ಎರಡು ಗಂಟೆ ಆಗೋಯ್ತು. ಊಟದ ಹೊತ್ತು ಮುಗೀತು ಅಂತ ಮತ್ತೆ ಕಾಲು ಇಳೇಬಿಟ್ಟೆ," ಎಂದ. ಚಹಾ ಅಂಗಡಿಯವನು ಮೂರು ಗಂಟೆಯ ಹಾಲು ಕಾಯಿಸಿ ಕೂತಿದ್ದನಂತೆ, ಕುಡಿಯಲು ಒಬ್ಬರೂ ಇಲ್ಲ. ದೇವಸಮುದ್ರಕ್ಕೆ ಮೂರರ ಬಸ್ಸು ಹಿಡಿಯಲು ಓಡಿ, ಬಿಸಿಲಲ್ಲಿ ಖಾಲಿ ಬಸ್‌ಸ್ಟ್ಯಾಂಡ್ ನೋಡಿ ಬಂದಿದ್ದ ಅದೇ ಬೀದಿಯ ಹನುಮಕ್ಕ, ಗಂಟೆ ಬದಲಾಯಿಸಿದವನು ಯಾರೆಂದು ತೆಲುಗಿನಲ್ಲೇ ವಿಚಾರಣೆ ಶುರು ಮಾಡಿದರು: "ಎವರಯ್ಯಾ ಗಂಟ ಮಾರ್ಚಿಂದಿ?" ಎಲ್ಲರ ಕಣ್ಣೂ ನನ್ನ ಕೈಯಲ್ಲಿದ್ದ ಟಾರ್ಚಿನ ಮೇಲೆ ಬಿತ್ತು.

ನಾನು ವಿದ್ಯಾವಂತನ ಗಾಂಭೀರ್ಯದಿಂದ, ಇನ್ನು ಮೇಲೆ ಕೂಡಿಸುವ ಕಷ್ಟವೇ ಇಲ್ಲ, ಒಂದು ಹೊಡೆದರೆ ಒಂದೇ ಎಂದು ವಿವರಿಸಿದೆ. ಓಬಳೇಶ ನನ್ನನ್ನು ಕನಿಕರದಿಂದ ನೋಡಿದ. "ಕೂಡಿಸೋದು ರೂಢಿ ಐತೆ ಸ್ವಾಮಿ. ಕೂಡಿಸದಂಗೆ ಇರೋದು ಹೆಂಗೆ? ಅದನ್ನ ದಿನಾ ಯಾರು ನೆನಪು ಇಟ್ಕಂತಾರೆ?" ಗಡಿಯಾರ ಹೇಗೂ ಬೆಂಗಳೂರಿಗೆ ಹೋಗುತ್ತದೆ, ಕೂಡಿಸುವುದೂ ಬೇಡ ಕಳೆಯುವುದೂ ಬೇಡ ಎಂದು ವೀರಭದ್ರಪ್ಪ ಅಂದರು. ಓಬಳೇಶ ನಿಧಾನವಾಗಿ, "ಹಂಗಾದ್ರೆ ಮದ್ವೆ ಸೀರೆಗಳು ಮಗ್ಗದಿಂದ ಯಾವ ಹೊತ್ತಿಗೆ ಇಳೀತಾವೋ ನಾವು ಹೇಳಕ್ಕಾಗಲ್ಲ ಸಾವ್ಕಾರ್ರೇ. ನಮಿಗೆ ಹೊತ್ತೇ ಗೊತ್ತಾಗಲ್ವಲ್ಲ," ಎಂದ. ಯಜಮಾನರು ಕೈಯಲ್ಲಿದ್ದ ಹತ್ತಿಬಟ್ಟೆಯಿಂದ ಮುಖ ಒರೆಸಿಕೊಂಡರು. ಲಗ್ನದ ಕಾಲ ಎದುರಿಗೇ ಇತ್ತು. "ಇರ್ಲಿ ಬಿಡ್ರಪ್ಪ, ಅಲ್ಲೇ ಇರ್ಲಿ," ಎಂದರು. ಶಾಂತಮ್ಮ ಗಡಿಯಾರದ ಕೆಳಗೆ ನನಗೊಂದು ಸ್ಟೂಲು ತಂದಿಟ್ಟರು.

ಸರಿ ಮಾಡುವುದು ಸುಲಭ, ಮೊದಲಿನಷ್ಟೇ ತಪ್ಪು ಮಾಡುವುದು ಎಂಥ ಕಷ್ಟ ಎಂದು ಆಗ ತಿಳಿಯಿತು. ಗಂಟೆ ಹಿಂದಕ್ಕೆ ಹೋಗುವುದಿಲ್ಲ. ಎರಡು ಕಡಿಮೆ ಬೇಕಾದರೆ ಮುಂದಕ್ಕೇ ಸುತ್ತಿ ಬರಬೇಕು. ಎರಡರಿಂದ ಶುರುಮಾಡಿ ಹನ್ನೊಂದರವರೆಗೆ ಎಲ್ಲ ಗಂಟೆಗಳನ್ನೂ ಹೊಡೆಸಬೇಕಾಯಿತು. ಅಷ್ಟು ಹೊತ್ತೂ ಯಾರೂ ಲೆಕ್ಕ ಇಡಬಾರದು ಎಂದು ಹನುಮಕ್ಕ ಮನೆಮನೆಗೆ ಹೋಗಿ ಸಾರಿ ಬಂದರು. ಆದರೂ ಎದುರುಮನೆಯ ಕಿವಿ ಚುರುಕಾದ ಒಬ್ಬ ಅಜ್ಜಿ ದೀಪ ಹಚ್ಚಿ, ರಾತ್ರಿಯ ಮಾತ್ರೆ ನುಂಗಿ ಮಲಗಿಬಿಟ್ಟರಂತೆ. ಎರಡರ ಹೊತ್ತಿಗೆ ಗಡಿಯಾರ ಹನ್ನೆರಡು ಹೊಡೆದಾಗ ಇಡೀ ಬೀದಿ ನಿಟ್ಟುಸಿರು ಬಿಟ್ಟಿತು. ವರದಿಯಲ್ಲಿ ನಾನು ಬರೆದೆ: "ಗಡಿಯಾರ: ಗಂಟೆ ತಪ್ಪು. ದುರಸ್ತಿಗೆ ಬೀದಿಯವರ ಆಕ್ಷೇಪಣೆ ಇದೆ. ಹರಾಜಿಗೆ ಯೋಗ್ಯವಲ್ಲ." ನಾನು ಬರೆದ ವರದಿಗಳಲ್ಲಿ ಅದಕ್ಕಿಂತ ಸತ್ಯವಾದದ್ದು ಇನ್ನೊಂದಿಲ್ಲ.

ಆಮೇಲೆ ಹೋಳಿಗೆ ಬಂತು. ಎಷ್ಟು ಬಂತು ಎಂದು ಹೇಳಲು ಸಂಕೋಚ. ಮೇಲೆ ತುಪ್ಪ, ಪಕ್ಕದಲ್ಲಿ ಹಾಲು. ಬೇಡವೆಂದಷ್ಟೂ ಶಾಂತಮ್ಮ ಬಡಿಸಿದರು. ಊರಿಗೆ ಹೋಗುವ ಐದರ ಬಸ್ಸಿಗೆ ಬೇಕಾದಷ್ಟು ಹೊತ್ತಿದೆ ಎಂದುಕೊಂಡು ಜಗಲಿಯ ಮೇಲೆ ಹಾಗೇ ಅಡ್ಡಾದೆ. ಫೋನು ಬೆಳಗಿನಿಂದ ಫೋಟೋ ತೆಗೆದು ತೆಗೆದು ಸತ್ತುಹೋಗಿ, ಒಳಗೆ ಚಾರ್ಜಿಗೆ ಕೂತಿತ್ತು. ಎಚ್ಚರವಾದಾಗ ಗಡಿಯಾರ ಮೂರು ಹೊಡೆಯುತ್ತಿತ್ತು. ಅಬ್ಬ, ಇನ್ನೂ ಮೂರು ಎಂದು ಮಗ್ಗುಲು ಬದಲಿಸಿದೆ. ಆಮೇಲೆ ನಿಧಾನವಾಗಿ ಎದ್ದು, ಮುಖ ತೊಳೆದು, ಒಂದು ಚಹಾ ಕೇಳಿ ಕುಡಿದು, ಸುಮ್ಮನೆ ಮಾತಿಗೆಂದು ಶಾಂತಮ್ಮನವರನ್ನು ಐದರ ಬಸ್ಸು ಹೊತ್ತಿಗೆ ಸರಿಯಾಗಿ ಬರುತ್ತದೆಯೇ ಎಂದು ಕೇಳಿದೆ.

"ಅದು ಹೋಗಿ ಭಾಳ ಹೊತ್ತಾತು ತಮ್ಮಾ," ಎಂದರು ಆಕೆ. "ಎಬ್ಬಿಸಾಣ ಅಂತಿದ್ದೆ. ನೀನೇ ಇಟ್ಟ ಗಂಟೆ ಅಲ್ವಾ, ನಿನಗೆ ಗೊತ್ತಿರ್ತೈತೆ ಅಂತ ಸುಮ್ಕಾದೆ."

ಮಧ್ಯಾಹ್ನದಿಂದ ನನ್ನೊಡನೆ ಮಾತು ಬಿಟ್ಟಿದ್ದ ವೀರಭದ್ರಪ್ಪ ಗೋಡೆಗೆ ಒರಗಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ಎದುರಿನ ಮಗ್ಗದಿಂದಲೂ ಯಾರೋ ನಕ್ಕಂತೆ ಕೇಳಿಸಿತು. ಆ ಬೀದಿಯಲ್ಲಿ ಎರಡು ಕೂಡಿಸಲು ಬಾರದವನು ನಾನೊಬ್ಬನೇ ಆಗಿದ್ದೆ. ಒಳಗಿನಿಂದ ಫೋನು ತಂದು ಗಿರಿಜಾಗೆ ಕರೆ ಮಾಡಿ, ಬಸ್ಸು ತಪ್ಪಿತು, ರಾತ್ರಿ ಇಲ್ಲೇ ಉಳಿಯುತ್ತೇನೆ ಎಂದೆ. ಬಸ್ಸು ಹೇಗೆ ತಪ್ಪಿತು ಎಂದು ಕೇಳುತ್ತಾಳೆಂದು ನಾನೊಂದು ಉತ್ತರ ಸಿದ್ಧಮಾಡಿಕೊಂಡಿದ್ದೆ. ಅವಳು ಅದನ್ನು ಕೇಳಲೇ ಇಲ್ಲ. "ಅವರ ಮನೇಲಿ ಏನನ್ನ ಮುಟ್ಟಿದ್ರಿ?" ಎಂದಳು.