ಕಪಿಲಸ್ವಾಮಿಯ ಆಮ್ಲೆಟ್

ಹುಮನಾಬಾದ್ ಬಸ್ ನಿಲ್ದಾಣದಲ್ಲಿ ಕಪಿಲನ ಎಡಬೂಟಿನ ಅಟ್ಟೆ ಕಿತ್ತು ಬಾಯಿ ತೆರೆಯಿತು. ಎಂಥ ಬಾಯಿ ಅಂತೀರಿ! ಹಳ್ಳಿಖೇಡಕ್ಕೆ ಹೊರಟ ಕಬ್ಬಿನ ಲಾರಿ ಒಳಗೆ ಹೋಗಿ ತಿರುಗಿಸಿಕೊಂಡು ಬರಬಹುದಿತ್ತು. ಎರಡೂ ಬೂಟುಗಳನ್ನು ಚೀಲಕ್ಕೆ ತುರುಕಿ ಬರಿಗಾಲಲ್ಲಿ ನಿಂತ. ಅನಾಹುತ ಶುರುವಾದದ್ದು ಅಲ್ಲಿಂದಲೇ.

ಕಪಿಲ ಗಾತ್, ವಿಲಾಯತಿ ಕತ್ತಲೆ ಪಂಥದವ. ಅಂದರೆ ಕರಿ ಅಂಗಿ, ಕರಿ ಪ್ಯಾಂಟು, ಕಣ್ಣಿಗೆ ಕಾಡಿಗೆ, ಕೊರಳಿಗೆ ಕರಿಮಣಿ ಸರ, ಕಿವಿಯಲ್ಲಿ ಸ್ಮಶಾನದ ಹಾಡು, ಮದುವೆಮನೆಯಲ್ಲೂ ಹೆಣ ಕಾಯುವವನ ಮುಖ. ಇಡೀ ಜಿಲ್ಲೆಯಲ್ಲಿ ಇಂಥವರು ಇಬ್ಬರೇ. ಇನ್ನೊಬ್ಬಳು ಬಸವಕಲ್ಯಾಣದ ಪೂನಂ. ದೇವರು ಸುಳ್ಳು, ಕತ್ತಲೆ ಖರೆ ಎಂದು ಮೊಬೈಲಿನಲ್ಲೇ ಒಮ್ಮತಕ್ಕೆ ಬಂದಿದ್ದರು. ಇವತ್ತು ಮೊದಲ ಭೇಟಿ. ‘ದೇವರಿಗೆ ಕೈ ಮುಗಿಯೋರು, ಬಣ್ಣದ ಅರಿವಿ ಹಾಕೋರು ನನಗ ಬ್ಯಾಡ’ ಎಂದು ಅವಳು ಮೊದಲೇ ಬರೆದಿದ್ದಳು.

ಹೊರಡುವ ಮುಂಚೆ ಒಂದು ಆಮ್ಲೆಟ್ ತಿನ್ನೋಣವೆಂದು ಬದ್ರುದ್ದೀನನ ಗಾಡಿಗೆ ಹೋದ. ಬದ್ರುದ್ದೀನ್ ನೋಡಿದ: ಗಡ್ಡ, ಕರಿಬಟ್ಟೆ, ಮಣಿಸರ, ಬರಿಗಾಲು. ಮೇಲಾಗಿ ಡಿಸೆಂಬರ್, ಅಯ್ಯಪ್ಪನ ಮಾಲೆ ಹಾಕುವ ಕಾಲ. ಕೈಯಲ್ಲಿದ್ದ ತತ್ತಿಯನ್ನು ಬೆನ್ನ ಹಿಂದೆ ಬಚ್ಚಿಟ್ಟ.

“ತೋಬಾ ತೋಬಾ! ಮಾಲಿ ಹಾಕ್ಕೊಂಡು ತತ್ತಿ ಕೇಳ್ತೀರಲ್ಲ ಸ್ವಾಮಿ!”

“ನಾ ಸ್ವಾಮಿ ಅಲ್ಲ ಭಾಯ್, ನಾ ಗಾತ್.”

“ಯಾವ ಜಾತಿ ಆದ್ರೇನ್ರಿ, ಮಾಲಿ ಒಂದೇ. ನಿಮ್ಮ ವ್ರತ ಕೆಡಿಸಿದ ಪಾಪ ನನಗ ಬ್ಯಾಡ. ಬಾಳಿಹಣ್ಣು ತಿನ್ರಿ.”

ಬಸ್ಸಿನಲ್ಲಿ ಕಂಡಕ್ಟರ್ “ಸ್ವಾಮಿಗಳಿಗೆ ಜಾಗಾ ಬಿಡ್ರಿ!” ಎಂದು ಕೂಗಿದ. ಕೂತಿದ್ದೇ ತಡ, ಮೋರಖಂಡಿಯ ಮುದುಕಿ ಶೇವಂತಾಬಾಯಿ ಎರಡೂ ಕಾಲು ಹಿಡಿದಳು.

“ನಮ್ಮ ಎಮ್ಮಿ ಈಯಾಕ ತ್ರಾಸ ಪಡಾಕತ್ತದ ಸ್ವಾಮಿ, ಆಶೀರ್ವಾದ ಮಾಡ್ರಿ.”

“ಆಯಿ, ನಾ ದೇವರನ್ನ ನಂಬಂಗಿಲ್ಲ!”

“ಖರೇ ಸ್ವಾಮಿಗಳು ಹಿಂಗೇ ಅಂತಾರ,” ಎಂದು ಮುದುಕಿ ಇನ್ನೂ ಬಿಗಿಯಾಗಿ ಹಿಡಿದಳು.

ಕಾಲು ಬಿಡಿಸಿಕೊಳ್ಳಲು ಕಪಿಲ ಅವಳ ತಲೆ ಮೇಲೆ ಕೈ ಇಟ್ಟ. ರಾಜೇಶ್ವರ ದಾಟುವಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು: ಎಮ್ಮೆ ಈದಿತ್ತು, ಹೆಣ್ಣು ಕರು! ಇನ್ನೇನು, ಬಸ್ಸಿಗೆ ಬಸ್ಸೇ ಕಪಿಲನ ಕಾಲಿಗೆ ಬಿತ್ತು. ಹಣೆಗೆ ವಿಭೂತಿ, ಮಡಿಲಿಗೆ ತೆಂಗಿನಕಾಯಿ. ಡ್ರೈವರ್ ಎರಡೂ ಕೈ ಮುಗಿದನೆಂದು ಜನ ಹೇಳುತ್ತಾರೆ. ಒಂದೇ ಕೈ ಎಂದು ನಾನು ಹೇಳುತ್ತೇನೆ, ಉತ್ಪ್ರೇಕ್ಷೆ ನನ್ನ ಜಾಯಮಾನವಲ್ಲ.

ಈ ಅವತಾರ ಪೂನಂ ಕಂಡರೆ ಕತೆ ಮುಗಿದಂತೆ! ಬಸವಕಲ್ಯಾಣದಲ್ಲಿ ಇಳಿದವನೇ ಬಟ್ಟೆ ಅಂಗಡಿಗೆ ನುಗ್ಗಿ ಕೈಗೆ ಸಿಕ್ಕ ಅಂಗಿ ಹಾಕಿಕೊಂಡ. ಅರಿಸಿನ ಬಣ್ಣ, ಮೈತುಂಬ ಗಿಣಿಗಳು. ವಿಭೂತಿ, ಕಾಡಿಗೆ ಒರೆಸಿ, ಸರ ಜೇಬಿಗೆ ಹಾಕಿ ಹೊರಬಂದ.

ಕರಿ ಕೊಡೆ, ಕರಿ ತುಟಿಯ ಪೂನಂ ನಿಲ್ದಾಣದ ಬಾಗಿಲಲ್ಲೇ ನಿಂತಿದ್ದಳು. ಗಿಣಿಗಳನ್ನು ಒಂದೊಂದಾಗಿ ನೋಡಿದಳು.

“ನೀ ಕಪಿಲ? ಸತ್ರೂ ಕರೀ ಬಿಡಂಗಿಲ್ಲ ಅಂತ ಬರದಿದ್ದಿ!”

“ಮಂದಿ ಸ್ವಾಮಿ ಅನ್ನಾಕತ್ತಿದ್ರು, ಅದಕ್ಕ...”

“ಮಂದಿ ಅಂದ್ರಂತ ಬಿಚ್ಚಿದಿ? ನಂಬಿಕಿ ಅಂದ್ರ ಅಂಗಿ ಏನು, ಬಿಚ್ಚಿ ಒಗ್ಯಾಕ?”

“ಛಲೋ ಕೇಳಿದಿ ಮಗಳ!” ಹಿಂದಿನಿಂದ ಶೇವಂತಾಬಾಯಿಯ ದನಿ. ಮೋರಖಂಡಿಯ ಜೀಪಿಗೆ ಕಾಯುತ್ತಿದ್ದವಳು ಓಡಿಬಂದಿದ್ದಳು. “ನಡುದಾರ್ಯಾಗ ಮಾಲಿ ತೆಗದಾನಲ್ಲ! ನನ್ನ ಎಮ್ಮಿಗಿ ಏನರ ಆದ್ರ?”

ದೇವರಿದ್ದಾನೆನ್ನುವವಳೂ ಇಲ್ಲವೆನ್ನುವವಳೂ ಒಂದೇ ಅಂಗಿಯ ಮೇಲೆ ಒಂದಾಗಿ, ಒಂದೇ ಬೈಗುಳ ಹಂಚಿಕೊಂಡು ಬೈದರು.

“ಇವನ ಮಾರಿ ಏನ ನೋಡ್ತಿ, ನಮ್ಮ ಕರ ನೋಡಾಕ ಬಾ,” ಎಂದಳು ಮುದುಕಿ. “ಇದ್ಲಿ ಇದ್ದಂಗ ಅದ ಅಂತ.”

“ಪೂರಾ ಕರ್ರಗ?” ಪೂನಂಳ ಕಣ್ಣು ಹೊಳೆದವು. ಇಬ್ಬರೂ ಜೀಪು ಹತ್ತಿಯೇಬಿಟ್ಟರು.

ಸಂಜೆ ಹುಮನಾಬಾದಿಗೆ ಮರಳಿದ ಕಪಿಲನಿಗೆ ಒಂದೇ ಸಮಾಧಾನ: ಹಳದಿ ಅಂಗಿಗೆ ತತ್ತಿ ನಿಷೇಧವಿಲ್ಲ. ನೆಟ್ಟಗೆ ಬದ್ರುದ್ದೀನನ ಗಾಡಿಗೆ ಹೋದ.

“ಭಾಯ್, ಒಂದು ಆಮ್ಲೆಟ್.”

ಬದ್ರುದ್ದೀನ್ ಗುರುತು ಹಿಡಿದ. ತತ್ತಿಗಳ ಮೇಲೆ ಅರಿವಿ ಎಳೆದ.

“ಯಾ ಅಲ್ಲಾ! ನನ್ನ ತತ್ತಿ ಸಲುವಾಗಿ ಮಾಲಿ ತೆಗದ್ರಾ? ಮಂದಿಗಿ ಗೊತ್ತಾದ್ರ ನನ್ನ ಗಾಡಿ ಉಳೀತದೇನ್ರಿ?”

ತಾನೇ ಓಡಿಹೋಗಿ ಎದುರು ಗಾಡಿಯಿಂದ ಬಾಳೆಹಣ್ಣು ತಂದು ಕಪಿಲನ ಕೈಗಿಟ್ಟ.