ಅಳಿಯ ತಂದ ಬಾಳೆನಾರಿನ ಕಾಲುಪಟ್ಟಿ

ನಮ್ಮ ಭಾವನನ್ನು ಊಟಕ್ಕೆ ಕರೆಯುವವರು ಮೊದಲು ಮನೆಯ ಪ್ಲಾಸ್ಟಿಕ್ ಸಾಮಾನನ್ನೆಲ್ಲ ಬಚ್ಚಿಡಬೇಕು. ಅಕ್ಕನ ಗಂಡ ಅವರು. ಬ್ರಿಸ್ಬೇನ್‌ನ ಪ್ರಯೋಗಾಲಯವೊಂದರಲ್ಲಿ ಪ್ಲಾಸ್ಟಿಕ್ಕನ್ನು ಎಳೆದು, ಬಗ್ಗಿಸಿ, ಮುರಿದು ನೋಡುವುದೇ ಉದ್ಯೋಗ. ರಜೆ ಬಂತೆಂದು ಕೈ ಸುಮ್ಮನಿರುತ್ತದೆಯೇ? ಪರ್ತ್‌ನ ಕ್ಯಾನಿಂಗ್ ವೇಲ್‌ನಲ್ಲಿರುವ ನಮ್ಮ ಮನೆಗೆ ಬಂದ ದಿನವೇ ಒಂದು ಸೌಟು, ಎರಡು ಹ್ಯಾಂಗರು ತೀರಿಕೊಂಡವು. ಪಕ್ಕದ ಮನೆಯವರು ಹಿತ್ತಲಲ್ಲಿ ಇಟ್ಟುಕೊಂಡಿದ್ದ ಬಾರ್ಬೆಕ್ಯೂ ಊಟದಲ್ಲಿ, ತಾವು ಕೂತಿದ್ದ ಕುರ್ಚಿಯ ಕಾಲನ್ನೇ ಬಗ್ಗಿಸಿ ನೋಡಿ ಹುಲ್ಲಿನ ಮೇಲೆ ಬಿದ್ದರು. ಬಿದ್ದಲ್ಲಿಂದಲೇ ಮುರುಕನ್ನು ಬಿಸಿಲಿಗೆ ಹಿಡಿದು, "ಎಷ್ಟು ಚೆನ್ನಾಗಿ ಬಿರುಕು ಬಿಟ್ಟಿದೆ ನೋಡಿ" ಎಂದರು.

ಮರುದಿನ ಇನ್ನೊಂದು ಮುರಿಯಿತು. ಪಾರ್ಶ್ವವಾಯು ಬಡಿದ ಮೇಲೆ ಅಮ್ಮನ ಬಲ ಪಾದ ಮೇಲೇಳುತ್ತಿರಲಿಲ್ಲ. ಪಾದವನ್ನು ಎತ್ತಿ ಹಿಡಿಯುವ ಪ್ಲಾಸ್ಟಿಕ್ ಪಟ್ಟಿಯನ್ನು ಕಾಲಿಗೆ ಕಟ್ಟಿಕೊಂಡು ನಡೆಯುತ್ತಿದ್ದರು. ಅದು ತಾನಾಗಿಯೇ ಹಿಮ್ಮಡಿಯ ಹತ್ತಿರ ಸೀಳಿಹೋಗಿ, ಅಮ್ಮ ಅಡುಗೆಮನೆಯಲ್ಲಿ ಬಿದ್ದರು. ಮೂಳೆಗೇನೂ ಆಗಲಿಲ್ಲ, ಧೈರ್ಯ ಹೋಯಿತು. ಹೊಸ ಪಟ್ಟಿ ಬಂದರೂ ಕುರ್ಚಿ ಬಿಟ್ಟು ಏಳಲಿಲ್ಲ.

ಸೀಳಿಹೋದ ಪಟ್ಟಿಯನ್ನು ಭಾವ ಬ್ರಿಸ್ಬೇನ್‌ಗೆ ಒಯ್ದರು. ಆಮೇಲೆ ದಿನವೂ ಅಮ್ಮನಿಗೆ ಫೋನು. ಸೀಳದಂಥ ಪಟ್ಟಿ ಮಾಡಲೆಂದು, ಕೂದಲಿಗಿಂತ ಸಾವಿರ ಪಾಲು ಸಣ್ಣಗೆ ಸೀಳಿದ ಬಾಳೆದಿಂಡಿನ ನಾರನ್ನು ಪ್ಲಾಸ್ಟಿಕ್‌ಗೆ ಬೆರೆಸುತ್ತಿದ್ದರಂತೆ.

"ನಾರು ಗಂಟಾಗ್ಬಿಡ್ತಿದೆ ಅತ್ತೆ. ಗಂಟಿರೋ ಕಡೆಯಿಂದ್ಲೇ ಬಿರುಕು ಶುರುವಾಗುತ್ತೆ."

"ಒಣಗಿಸಿ ಹಾಕ್ತೀರಾ?"

"ಹೌದು."

"ಮತ್ತಿನ್ನೇನು? ಮುದ್ದೆಗೆ ಒಣ ಹಿಟ್ಟು ಸುರಿದ್ರೂ ಅಷ್ಟೇ. ಮೊದ್ಲು ನೀರಲ್ಲಿ ಕದಡ್ಕೊಳ್ಳಿ ಅಳಿಯಂದ್ರೇ."

ಆ ಕಡೆ ಭಾವ ಅದನ್ನು ಬರೆದುಕೊಳ್ಳುತ್ತಿದ್ದರು! ನಾರನ್ನು ಒಣಗಿಸದೆ, ಹಸಿಯಾಗಿಯೇ ಬೆರೆಸುವ ದಾರಿ ಹುಡುಕಲು ಅವರಿಗೆ ತಿಂಗಳುಗಳೇ ಹಿಡಿದವು.

ಕೊನೆಗೊಮ್ಮೆ ತಾವೇ ಮಾಡಿದ ಪಟ್ಟಿ ಹಿಡಿದು ಬಂದರು. ಯಂತ್ರಕ್ಕೆ ಕಟ್ಟಿ ವಾರಗಟ್ಟಲೆ ಬಗ್ಗಿಸಿದ್ದರಂತೆ. ನಾನೂ ಮೊಣಕಾಲಿಗೊತ್ತಿ, ಮೈಯ ಬಲವನ್ನೆಲ್ಲ ಹಾಕಿದೆ. ಬಿಲ್ಲಿನಂತೆ ಬಾಗಿ, ಬಿಟ್ಟೊಡನೆ ನೆಟ್ಟಗಾಯಿತು. ಹಾಲುಗಾಜಿನ ಬಣ್ಣದ ಆ ತೆಳು ಹಾಳೆಯೊಳಗೆ ಬಾಳೆಗಿಡವೊಂದು ಕಾಣದಂತೆ ನಿಂತಿದೆ ಎಂದುಕೊಂಡಾಗ ಮೈ ಜುಮ್ಮೆಂದಿತು.

ಆಸ್ಪತ್ರೆಯ ತಜ್ಞೆ ಪರೀಕ್ಷಿಸಿ ಒಪ್ಪಿದ ಮೇಲೆ, ಭಾವ ಅಮ್ಮನ ಮುಂದೆ ಮಂಡಿಯೂರಿದರು. ಅಮ್ಮ ಪಾದ ಹಿಂದಕ್ಕೆಳೆದುಕೊಂಡರು.

"ಧಾರೆಯಲ್ಲಿ ನಿಮ್ಮ ಕಾಲು ತೊಳೆಯೋಕೆ ನೀರು ಹಾಕಿದೋಳು ನಾನು. ನೀವು ನನ್ನ ಕಾಲು ಹಿಡಿಯೋದಾ?"

"ಸುಮ್ನಿರಿ ಅತ್ತೆ. ಬಿಗಿಯಾಯ್ತಾ?"

ಅಮ್ಮ ಎದ್ದರು. ಗೇಟಿನ ಬಳಿಯ ಅಂಚೆಪೆಟ್ಟಿಗೆಯವರೆಗೆ ಒಬ್ಬರೇ ನಡೆದು, ಅದನ್ನೊಮ್ಮೆ ಮುಟ್ಟಿ, ನಮ್ಮತ್ತ ತಿರುಗಿ ನಕ್ಕರು.

ಭಾವ ಪಟ್ಟಿಯ ಕಡೆ ನೋಡಲೇ ಇಲ್ಲ. ಮಂಡಿಯೂರಿದಲ್ಲೇ ಕೂತು ಅಮ್ಮನ ಮುಖವನ್ನೇ ನೋಡುತ್ತಿದ್ದರು.