ಸೂ ಮಿನ್‌ಗೆ ನಾನು ಹೇಳಿಕೊಟ್ಟ ಇಂಗ್ಲಿಷು

ನನಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ ಎಂದು ನಾನಾಗಿ ಯಾರಿಗೂ ಹೇಳಿದವಳಲ್ಲ. ಆದರೆ ಬರುತ್ತದೆ ಎಂದು ಯಾರಾದರೂ ತಿಳಿದುಕೊಂಡರೆ, ಹಾಗೇನಿಲ್ಲ ಎಂದು ತಿದ್ದಿದವಳೂ ಅಲ್ಲ. ಇದು ಸುಳ್ಳಿನ ಸಾಲಿಗೆ ಸೇರುತ್ತದೆಯೋ ಇಲ್ಲವೋ ಎಂದು ಪಾಪನಿವೇದನೆಗೆ ಹೋದಾಗ ಫಾದರ್ ಹತ್ತಿರ ಕೇಳಬೇಕೆಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಆದರೆ ಹಿಂದೆ ಇಪ್ಪತ್ತು ಜನ ಕಾಯುತ್ತಿರುವಾಗ ದೊಡ್ಡ ಪಾಪಗಳನ್ನೇ ಹೇಳಿ ಮುಗಿಸುವುದು ಕಷ್ಟ, ಇಂತಹ ಚಿಲ್ಲರೆಯನ್ನು ಯಾರು ಬಿಚ್ಚುತ್ತಾರೆ? ಒಮಾನಿಗೆ ಬಂದು ಹದಿನಾರು ವರ್ಷವಾಯಿತು. ಅಂಗಡಿಯವನ ಹತ್ತಿರ ಹಿಂದಿ, ದರ್ಜಿಯ ಹತ್ತಿರ ಹಿಂದಿ, ಕಟ್ಟಡದ ಯಜಮಾನರ ಹತ್ತಿರ ನಾಲ್ಕು ಅರಬ್ಬಿ ಶಬ್ದ ಮತ್ತು ಎರಡು ಕೈ. ಮನೆಯಲ್ಲಿ ಕೊಂಕಣಿ. ಹೀಗೆ ನನ್ನ ಇಂಗ್ಲಿಷು ಮದುವೆಯ ಸೀರೆಯ ಹಾಗೆ ಕಪಾಟಿನಲ್ಲೇ ಇತ್ತು. ಅದಕ್ಕೆ ನುಸಿ ತಿಂದಿದೆಯೋ ಇಲ್ಲವೋ ಎಂದು ಬಿಡಿಸಿ ನೋಡುವ ಪ್ರಸಂಗ ಬಂದಿರಲಿಲ್ಲ, ದೇವರ ದಯೆಯಿಂದ.

ಆ ಪ್ರಸಂಗ ತಂದವಳು ಸೂ ಮಿನ್. ನಮ್ಮ ಕಟ್ಟಡದ ಮೂರನೇ ಮಾಳಿಗೆಯ ಚೀನಾದ ಹುಡುಗಿ. ಹುಡುಗಿ ಎಂದರೆ ಮೂವತ್ತು ದಾಟಿದ್ದಾಳೆ, ಆದರೆ ನೋಡಿದರೆ ನನ್ನ ಮಗಳು ರೀಶಾಳ ಜೊತೆ ಎಂಟನೇ ಕ್ಲಾಸಿನಲ್ಲಿ ಕೂರಿಸಬಹುದು. ಮವಾಲೇಹ್ ತರಕಾರಿ ಮಾರ್ಕೆಟ್ಟಿನಲ್ಲಿ ಬಸಳೆಯ ಕಟ್ಟೊಂದೇ ಉಳಿದಿತ್ತು, ನಾನು ಬುಡ ಹಿಡಿದೆ, ಅವಳು ತುದಿ ಹಿಡಿದಳು. ಚೀನಾದವರೂ ಬಸಳೆ ತಿನ್ನುತ್ತಾರೆಂದು ನನಗೆ ಗೊತ್ತಾದದ್ದು ಅಂದೇ. ಕಟ್ಟು ಬಿಚ್ಚಿ ಅರ್ಧರ್ಧ ಹಂಚಿಕೊಂಡೆವು. ಲಿಫ್ಟಿನಲ್ಲಿ ಮತ್ತೆ ಸಿಕ್ಕಿದಾಗ ಅವಳು ನನ್ನ ಕೈಯಲ್ಲಿದ್ದ ರೀಶಾಳ ಇಂಗ್ಲಿಷ್ ಪಠ್ಯಪುಸ್ತಕ ನೋಡಿ, "ಯೂ ಟೀಚರ್?" ಎಂದಳು. ನಾನು ಧರ್ಮಪಾಠದ ಟೀಚರ್ ಹೌದು. ಪ್ರತಿ ಶುಕ್ರವಾರ ಇಗರ್ಜಿಯಲ್ಲಿ ಪೂಜೆ ಮುಗಿದ ಮೇಲೆ ಮಕ್ಕಳಿಗೆ ಬೈಬಲ್ ಕಥೆ ಹೇಳಿಕೊಡುತ್ತೇನೆ. ಆದ್ದರಿಂದ "ಯೆಸ್" ಎಂದೆ. ಎಂತಹ ಟೀಚರ್ ಎಂದು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ.

ಮರುದಿನ ನಾಲ್ಕು ಗಂಟೆಗೆ ಕಾಲಿಂಗ್ ಬೆಲ್. ಕೈಯಲ್ಲಿ ಬಿಸಿನೀರಿನ ಫ್ಲಾಸ್ಕು, ಕಂಕುಳಲ್ಲಿ ದಪ್ಪ ಪುಸ್ತಕ. ಅವಳ ಇಂಗ್ಲಿಷೂ ನನ್ನ ಇಂಗ್ಲಿಷೂ ಕೈಸನ್ನೆಯ ಸಹಾಯದಿಂದ ನಡುದಾರಿಯಲ್ಲಿ ಭೇಟಿಯಾದಾಗ ವಿಷಯ ಇಷ್ಟೆಂದು ತಿಳಿಯಿತು. ಗಂಡ ದುಕ್ಮ್ ಬಂದರಿನ ಕೆಲಸದಲ್ಲಿ ಇದ್ದಾನೆ, ಹದಿನೈದು ದಿನಕ್ಕೊಮ್ಮೆ ಕಂಪನಿಯ ಬಸ್ಸಿನಲ್ಲಿ ಬರುತ್ತಾನೆ. ಉಳಿದ ದಿನ ಇವಳು ಗೋಡೆ ನೋಡಿಕೊಂಡು ಕೂರಬೇಕು. ಹತ್ತಿರದ ಒಂದು ನರ್ಸರಿ ಶಾಲೆಯವರು ಕೆಲಸ ಕೊಡುತ್ತೇವೆ, ಆದರೆ ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕು ಎಂದಿದ್ದಾರೆ. ಎರಡು ಸಲ ಬರೆದು ಎರಡು ಸಲವೂ ಸ್ವಲ್ಪದರಲ್ಲಿ ತಪ್ಪಿದೆ. ಇನ್ನೊಂದು ಸಲ ತಪ್ಪಿದರೆ ಊರಿಗೆ ಹೋಗಿ ಅತ್ತೆಯ ಜೊತೆ ಇರು, ಇಲ್ಲಿ ಒಬ್ಬಳೇ ಕೂತು ಏನು ಮಾಡುತ್ತಿ ಎಂದು ಗಂಡ ಹೇಳಿಬಿಟ್ಟಿದ್ದಾನೆ. "ಟೀಚರ್, ಐ ವಾಂಟ್ ಸ್ಟೇ," ಎಂದಳು. ಆ ಮಾತಿಗೆ ವ್ಯಾಕರಣ ಬೇಕಿರಲಿಲ್ಲ. ಹೊಸದಾಗಿ ಬಂದ ವರ್ಷ ನಾನೂ ಇದೇ ಗೋಡೆಗಳನ್ನು ನೋಡಿದವಳು. ಆಗಲಿ, ದಿನಾ ಬಾ ಎಂದೆ.

ಮೊದಲ ವಾರ ವ್ಯಾಕರಣ. ಸೂ ಮಿನ್‌ಳ ಕಷ್ಟವೆಂದರೆ ಅವಳಿಗೆ ನಿಯಮ ಎಲ್ಲ ಗೊತ್ತು. ನನ್ನ ಕಷ್ಟವೆಂದರೆ ನನಗೆ ಒಂದೂ ಗೊತ್ತಿಲ್ಲ. ಕನ್ನಡ ಮೀಡಿಯಮ್ಮಿನಲ್ಲಿ ಸಿಸ್ಟರ್ ಬೆತ್ತ ಹಿಡಿದು ಬಾಯಿಪಾಠ ಮಾಡಿಸಿದ್ದನ್ನು ನಾನು ಇಷ್ಟು ವರ್ಷ ಹಾಗೆಯೇ ಉಗುಳುತ್ತಾ ಬಂದಿದ್ದೇನೆ. "ಇಲ್ಲಿ 'ದ' ಯಾಕೆ, ಅಲ್ಲಿ 'ಅ' ಯಾಕೆ ಟೀಚರ್?" ಎಂದು ಅವಳು ಪೆನ್ಸಿಲ್ ಎತ್ತಿ ಕೇಳುತ್ತಾಳೆ. "ಕೇಳ್ಲಿಕ್ಕೆ ಹಾಗೇ ಚಂದ," ಎಂದು ನಾನು ಹೇಳುತ್ತೇನೆ. ಅವಳು ಅದನ್ನೂ ನೋಟ್ಸ್ ಬರೆದುಕೊಳ್ಳುತ್ತಾಳೆ! ನಾನು ಕೆಮ್ಮಿದರೂ ಬರೆದುಕೊಳ್ಳುವಳೇನೋ. ಅವರ ಭಾಷೆಯಲ್ಲಿ ಆ 'ದ'ವೇ ಇಲ್ಲವಂತೆ. ನಮ್ಮಲ್ಲೂ ಇಲ್ಲಮ್ಮ, ಎಂದು ನಾನು ಹೇಳಿದೆ. ಇಬ್ಬರೂ ಒಂದು ಗಳಿಗೆ ಇಂಗ್ಲಿಷಿನವರಿಗೆ ಯಾಕೆ ಬೇಕಿತ್ತು ಈ ಕರ್ಮ ಎಂದು ಯೋಚಿಸುತ್ತಾ ಕೂತೆವು. ಆಮೇಲೆ ನೀರುದೋಸೆ ತಿಂದೆವು.

ತಲೆ ಚಿಟ್ಟು ಹಿಡಿಯಲು ಶುರುವಾದದ್ದು ಎರಡನೇ ವಾರ, ಓದಿ ಅರ್ಥ ಮಾಡಿಕೊಳ್ಳುವ ಭಾಗಕ್ಕೆ ಬಂದಾಗ. ಒಂದು ಪುಟ ಕಥೆ, ಕೆಳಗೆ ಐದು ಪ್ರಶ್ನೆ, ಒಂದೊಂದಕ್ಕೆ ನಾಲ್ಕು ಉತ್ತರ, ಸರಿಯಾದದ್ದಕ್ಕೆ ಗುರುತು ಹಾಕಬೇಕು. ಮೊದಲ ದಿನದ ಕಥೆಯಲ್ಲಿ ಒಬ್ಬ ಮುದುಕ ಬಸ್ಸಿನಲ್ಲಿ ಕೊಡೆ ಮರೆತು ಇಳಿಯುತ್ತಾನೆ. ಪಕ್ಕದಲ್ಲಿ ಕೂತ ಹೆಂಗಸು ಅದನ್ನು ಎತ್ತಿಕೊಂಡು ಮುಂದಿನ ಸ್ಟಾಪಿನಲ್ಲಿ ಇಳಿಯುತ್ತಾಳೆ. ನಾನು ಕನ್ನಡಕ ಹಾಕಿ ಎರಡನೇ ಸಾಲು ಓದುವಷ್ಟರಲ್ಲಿ ಸೂ ಮಿನ್ ಪೆನ್ಸಿಲ್ ಕೆಳಗಿಟ್ಟು, "ಫಿನಿಶ್," ಎಂದಳು.

"ಇಷ್ಟು ಬೇಗ? ಮುದುಕನಿಗೆ ಕೊಡೆ ಸಿಕ್ಕಿತಾ?" ಎಂದು ಕೇಳಿದೆ.

"ಯಾವ ಮುದುಕ, ಟೀಚರ್?"

ನನಗೆ ನಂಬಲಾಗಲಿಲ್ಲ. ಅವಳು ಕಥೆಯನ್ನೇ ಓದಿಲ್ಲ! ಮೊದಲು ಪ್ರಶ್ನೆ ನೋಡುವುದು, ಅದರಲ್ಲಿ ಒಂದು ಶಬ್ದಕ್ಕೆ ಬೆರಳಿಡುವುದು, ಆ ಶಬ್ದ ಮೇಲೆ ಎಲ್ಲಿದೆ ಎಂದು ಅಕ್ಕಿಯಲ್ಲಿ ಕಲ್ಲು ಹುಡುಕುವ ಹಾಗೆ ಹುಡುಕುವುದು, ಸಿಕ್ಕಿದ ಸಾಲನ್ನಷ್ಟೇ ಓದಿ ಗುರುತು ಹಾಕುವುದು. ಊರಿನ ಶಾಲೆಯಲ್ಲಿ ಚಿಕ್ಕಂದಿನಿಂದ ಹೀಗೇ ಅಭ್ಯಾಸವಂತೆ, ಪರೀಕ್ಷೆಯಲ್ಲಿ ಸಮಯ ಇರುವುದಿಲ್ಲವಂತೆ. ಮುದುಕ ಮಳೆಯಲ್ಲಿ ನೆನೆದು ಜ್ವರ ಬಂದು ಸತ್ತರೂ ಇವಳಿಗೆ ಗೊತ್ತಾಗುವುದಿಲ್ಲ, ಪ್ರಶ್ನೆಯಲ್ಲಿ ಕೇಳಿದರೆ ಮಾತ್ರ ಗೊತ್ತಾಗುತ್ತದೆ.

"ಇದು ಓದುವುದಾ? ನನ್ನ ಮನೆಯಲ್ಲಿ ಕೂತು ಓದುವುದಾದರೆ ಕಥೆ ಪೂರ್ತಿ ಓದಬೇಕು. ಅವರಿಗೆ ಏನಾಯಿತು, ಯಾಕಾಯಿತು ಎಂದು ಯೋಚಿಸಬೇಕು. ಆಮೇಲೆ ಉತ್ತರ," ಎಂದೆ, ಸ್ವಲ್ಪ ಜೋರಾಗಿಯೇ. ಅವಳು ಎರಡೂ ಕೈಯಲ್ಲಿ ಪುಸ್ತಕ ಹಿಡಿದು ತಲೆ ತಗ್ಗಿಸಿ, "ಯೆಸ್, ಟೀಚರ್," ಎಂದಳು. ಟೀಚರ್ ಹೇಳಿದ ಮೇಲೆ ಅವರಲ್ಲಿ ಎದುರು ಮಾತಿಲ್ಲ. ನನ್ನ ಮಗಳಿಗೆ ಇದನ್ನು ತೋರಿಸಬೇಕೆಂದು ಕೂತಲ್ಲಿಂದಲೇ ಕೂಗಿ ಕರೆದೆ. ಅವಳು ಬರಲಿಲ್ಲ.

ನಾಲ್ಕನೇ ಪ್ರಶ್ನೆ, ಹೆಂಗಸು ಕೊಡೆಯನ್ನು ಯಾಕೆ ಎತ್ತಿಕೊಂಡಳು ಎಂದಿತ್ತು. ಮುದುಕನಿಗೆ ವಾಪಸು ಕೊಡಲು ಎಂದು ಮೊದಲ ಉತ್ತರ. ಮಳೆ ಬರುತ್ತಿತ್ತು, ಅವಳ ಹತ್ತಿರ ಕೊಡೆ ಇರಲಿಲ್ಲ ಎಂದು ಎರಡನೆಯದು. ನಾನು ಯೋಚನೆಯನ್ನೂ ಮಾಡದೆ ಮೊದಲನೆಯದಕ್ಕೆ ಗುರುತು ಹಾಕಿಸಿದೆ. ಪುಸ್ತಕದ ಕೊನೆಯಲ್ಲಿ ಕೊಟ್ಟ ಉತ್ತರ ನೋಡಿದರೆ ಎರಡನೆಯದು ಸರಿ! ಎಂತಹ ಹೆಂಗಸಪ್ಪ ಅದು? ದೇವರ ಭಯವಿಲ್ಲದವರು ಬರೆದ ಪುಸ್ತಕ. "ಛಾಪಿಸುವವರು ತಪ್ಪು ಮಾಡಿದ್ದಾರೆ," ಎಂದು ಹೇಳಿದೆ. ಅವಳು ಪುಸ್ತಕದಲ್ಲಿದ್ದ ಉತ್ತರವನ್ನು ಹೊಡೆದು ಹಾಕಿ ನನ್ನದನ್ನು ಬರೆದುಕೊಂಡಳು.

ಹೀಗೆ ಮೂರು ವಾರ ನಡೆಯಿತು. ಧರ್ಮಪಾಠದ ಅಭ್ಯಾಸ ಬಿಡುತ್ತದೆಯೇ? ಕಥೆ ಮುಗಿದ ಕೂಡಲೇ, "ಇದರಿಂದ ನಾವು ಏನು ಕಲಿತೆವು?" ಎಂದು ಕೇಳುವುದು ನನ್ನ ರಕ್ತದಲ್ಲೇ ಇದೆ. ಇಗರ್ಜಿಯ ಮಕ್ಕಳು ಅದಕ್ಕೆ ಎಂತ ಹೇಳಿದರೂ, ಒಳ್ಳೆಯ ಮಾತಾದರೆ ಸರಿ ಉತ್ತರವೇ. ಸೂ ಮಿನ್ ಪ್ರತಿ ಕಥೆಯ ಕೆಳಗೆ ನೀತಿ ಬರೆಯಲು ಕಲಿತಳು. ತಂದೆ ಪೆಂಗ್ವಿನ್ ಮೊಟ್ಟೆ ಕಾಯುವ ಕಥೆಗೆ, ಗಂಡಂದಿರು ಮನೆಯಲ್ಲಿ ಇರಬೇಕು ಎಂದು ಬರೆದಳು. ಅದನ್ನು ಓದಿ ನನ್ನ ಕಣ್ಣು ಒದ್ದೆಯಾಯಿತು. ಪೂರ್ತಿ ಅಂಕ ಕೊಟ್ಟೆ.

ಅಷ್ಟರಲ್ಲಿ ಅವಳು ವಾರಕ್ಕೊಮ್ಮೆ ಹೋಗುತ್ತಿದ್ದ ಟ್ಯೂಷನ್ ಸೆಂಟರಿನಲ್ಲಿ ಮಾದರಿ ಪರೀಕ್ಷೆ ಇಟ್ಟರು. ಮುಗಿಸಿಕೊಂಡು ಬಂದವಳು ಫ್ಲಾಸ್ಕೂ ತೆರೆಯದೆ ಸೋಫಾದ ತುದಿಯಲ್ಲಿ ಕೂತು ಉತ್ತರಪತ್ರಿಕೆಯನ್ನು ಎರಡು ಕೈಯಲ್ಲಿ ನನ್ನ ಮುಂದೆ ಹಿಡಿದಳು. ಹಾಳೆ ತುಂಬ ಕೆಂಪು. ಪೂರ್ತಿ ಓದುತ್ತಾ ಕೂತು ಕೊನೆಯ ಎರಡು ಕಥೆಗಳಿಗೆ ಕೈ ಹಚ್ಚಲು ಸಮಯವೇ ಸಿಕ್ಕಿಲ್ಲ. ಕೈ ಹಚ್ಚಿದ್ದರಲ್ಲಿ ಎಲ್ಲರೂ ಒಳ್ಳೆಯವರು, ಎಲ್ಲ ಉತ್ತರವೂ ತಪ್ಪು. ಏಸಿಯ ಫಿಲ್ಟರ್ ತೊಳೆಯುವುದು ಹೇಗೆ ಎಂಬ ಪಾಠದ ಕೆಳಗೆ, ನಾವು ಹೃದಯವನ್ನೂ ಹೀಗೆಯೇ ತೊಳೆಯಬೇಕು ಎಂದು ಚಂದದ ಅಕ್ಷರದಲ್ಲಿ ಬರೆದಿದ್ದಳು. ಅದರ ಪಕ್ಕದಲ್ಲಿ ಸೆಂಟರಿನವರು ಮೂರು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು. ಹಿಂದೆ ಎರಡು ಸಲ ತಪ್ಪಿದಾಗಲೂ ಅವಳಿಗೆ ಇದಕ್ಕಿಂತ ಹೆಚ್ಚು ಬಂದಿತ್ತಂತೆ.

"ಯಾರು ಹೀಗೆ ಕಲಿಸಿದ್ದು ಎಂದು ಕೇಳಿದರು," ಎಂದಳು.

"ನೀನೇನು ಹೇಳಿದೆ?"

"ಹೇಳಲಿಲ್ಲ, ಟೀಚರ್."

ಅದು ಬೈದದ್ದಕ್ಕಿಂತ ಜೋರಾಗಿ ತಾಗಿತು. ರೀಶಾ ಪತ್ರಿಕೆಯನ್ನು ಇಣುಕಿ ನೋಡಿ, "ಮಮ್ಮಾ, ಯೂ ಹ್ಯಾವ್ ಫಿನಿಶ್ಡ್ ಹರ್," ಎಂದು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಸಂಜೆ ಗಂಡ ಆಫೀಸಿನಿಂದ ಬಂದವರು ಎಲ್ಲ ಕೇಳಿ ಬೆಲ್ಟು ಬಿಚ್ಚುತ್ತಾ, "ಎಂತ ಮಾರಾಯ್ತಿ ನಿನ್ನದು! ಪಾಪದ ಹುಡುಗಿ ಎರಡು ಸಲ ಅವಳಷ್ಟಕ್ಕೆ ಫೇಲಾಗಿತ್ತು. ಈಗ ನೀನು ಸೇರಿ ಮೂರನೇದು. ಆ ಗಂಡ ದುಕ್ಮಿಂದ ಬಂದು ನನ್ನನ್ನು ಹಿಡೀತಾನೆ," ಎಂದರು.

"ನಾನು ಒಳ್ಳೇದಕ್ಕೆ ಮಾಡಿದ್ದಲ್ವಾ?"

"ಒಳ್ಳೇದಕ್ಕೇ. ಒಳ್ಳೇದೇ ಜಾಸ್ತಿ ಆದದ್ದು ಅಲ್ಲಿ."

ಮರುದಿನ ಸೂ ಮಿನ್ ಬಂದಾಗ ಬಾಗಿಲಲ್ಲೇ ಹೇಳಿಬಿಟ್ಟೆ. ನಾನು ಇಂಗ್ಲಿಷ್ ಟೀಚರ್ ಅಲ್ಲ, ಮಕ್ಕಳಿಗೆ ಬೈಬಲ್ ಕಥೆ ಹೇಳುವವಳು. ನನ್ನ ಮಾತು ಕೇಳಬೇಡ, ನಿನಗೆ ಊರಿನಲ್ಲಿ ಕಲಿಸಿದ ಹಾಗೆಯೇ ಮಾಡು. ಒಬ್ಬಳೇ ಕೂರುವುದು ಬೇಜಾರಾದರೆ ಇಲ್ಲಿ ಕೂತು ಓದು, ನಾನು ಅಡುಗೆಮನೆಯಿಂದ ಹೊರಗೆ ಬರುವುದೇ ಇಲ್ಲ. ಅವಳು ಎಷ್ಟು ಅರ್ಥ ಮಾಡಿಕೊಂಡಳೋ, ಚಪ್ಪಲಿ ಹೊರಗೆ ಬಿಟ್ಟು ಬಂದು ಎಂದಿನ ಜಾಗದಲ್ಲಿ ಕೂತಳು.

ಪರೀಕ್ಷೆಗೆ ಇನ್ನು ಹತ್ತು ದಿನವಿತ್ತು. ಆ ಹತ್ತು ದಿನ ನಾನು ಪಟ್ಟ ಕಷ್ಟ ಆ ದೇವರಿಗೇ ಗೊತ್ತು. ಬಂಗುಡೆ ಕೊಯ್ಯುತ್ತಾ ಬಾಯಿ ಮುಚ್ಚಿಕೊಂಡಿರುವುದು ಸುಲಭವೇ? ಅವಳು ಪ್ರಶ್ನೆಯನ್ನು ಗಟ್ಟಿಯಾಗಿ ಓದಿಕೊಳ್ಳುವ ಪೈಕಿ. ಅಣ್ಣ ತಮ್ಮನಿಗೆ ಅಂಗಡಿಯನ್ನು ಯಾಕೆ ಬಿಟ್ಟುಕೊಟ್ಟ ಎಂದು ಅಲ್ಲಿಂದ ಕೇಳಿದರೆ ಇಲ್ಲಿಂದ ನನ್ನ ಬಾಯಿ, "ಪ್ರೀತಿಯಿಂದ!" ಎಂದುಬಿಡುತ್ತಿತ್ತು. ಡಾಕ್ಟರು ಹಳ್ಳಿಗೆ ಯಾಕೆ ಹೋದರು ಎಂದರೆ, "ಬಡವರ ಸೇವೆಗೆ!" ಆಮೇಲೆ ನಾಲಿಗೆ ಕಚ್ಚಿಕೊಂಡು, "ಸಾರಿ ಸಾರಿ, ಕೇಳಬೇಡ," ಎನ್ನುತ್ತಿದ್ದೆ. ಕೂಡಲೇ ಪೆನ್ಸಿಲ್ಲಿನ ಗೀರು ಕೇಳುತ್ತಿತ್ತು. ಸಾಕಪ್ಪಾ ಸಾಕು ಎಂದು ಮಿಕ್ಸಿ ಹಾಕಿಕೊಂಡು ನಿಂತೆ. ಮಸಾಲೆ ಬೇಡದ ದಿನವೂ ಕಾಯಿ ರುಬ್ಬಿದೆ. ಮನೆಯವರು ಮೂರು ಹೊತ್ತು ಗಸಿ ತಿಂದು ಸುಸ್ತಾದರು.

ಪರೀಕ್ಷೆಯ ದಿನ ಅವಳ ಹೆಸರಿನಲ್ಲಿ ಒಂಬತ್ತು ದಿನದ ನೊವೆನಾ ಪ್ರಾರ್ಥನೆ ಮುಗಿಸಿದೆ. ಫಲಿತಾಂಶ ಬರುವವರೆಗೆ ಲಿಫ್ಟು ಬಿಟ್ಟು ಮೆಟ್ಟಿಲು ಹತ್ತಿದೆ. ಮೊಣಕಾಲು ನೋವಿಗಿಂತ ಅವಳ ಎದುರು ಬೀಳುವುದು ಹೆಚ್ಚು ಕಷ್ಟವಿತ್ತು. ಹನ್ನೆರಡನೇ ದಿನ ನಾಲ್ಕು ಗಂಟೆಗೆ ಬೆಲ್ ಆಯಿತು. ಬಾಗಿಲು ತೆರೆದರೆ ಸೂ ಮಿನ್, ಹಿಂದೆ ಅವಳ ಗಂಡ. ಬಿಸಿಲಿಗೆ ಸುಟ್ಟ ಮುಖ, ಕೈಯಲ್ಲಿ ಒಂದು ದೊಡ್ಡ ಕಲ್ಲಂಗಡಿ. ನನ್ನ ಗಂಡ ಹೇಳಿದ ಹಾಗೆ ಹಿಡಿಯಲೇ ಬಂದನೋ ಎಂದು ಒಂದು ಹೆಜ್ಜೆ ಹಿಂದೆ ಸರಿದೆ. ಅವನು ಕಲ್ಲಂಗಡಿಯನ್ನು ನನ್ನ ಕೈಗಿಟ್ಟು ಸೊಂಟ ಬಗ್ಗಿಸಿದ.

"ಪಾಸ್, ಟೀಚರ್! ಐ ಸ್ಟೇ!"

ನಾನು ಕಲ್ಲಂಗಡಿ ಸಮೇತ ಅವಳನ್ನು ತಬ್ಬಿಕೊಂಡೆ. ಓದುವ ಭಾಗದಲ್ಲಿ ಎಲ್ಲಕ್ಕಿಂತ ಹೆಚ್ಚು ಅಂಕವಂತೆ. ಹೇಗೆ ಎಂದು ಕೇಳಿದೆ. ಕೇಳಬಾರದಿತ್ತು.

ಬಹಳ ಸುಲಭವಾಯಿತು ಟೀಚರ್, ಎಂದು ಅವಳು ವಿವರಿಸಿದಳು. ಕಥೆ ಓದಲೇ ಇಲ್ಲ, ಶಬ್ದ ಹುಡುಕಿದೆ. ಯಾವಾಗಲೂ ಹಾಗೆ ಹುಡುಕಿದ ಮೇಲೆ ಎರಡು ಉತ್ತರ ಉಳಿದುಬಿಡುತ್ತವೆ, ಹಿಂದಿನ ಎರಡು ಸಲವೂ ತಪ್ಪಿದ್ದು ಅಲ್ಲೇ. ಈ ಸಲ ಹಾಗೆ ಸಿಕ್ಕಿಬಿದ್ದಾಗೆಲ್ಲ ಕಣ್ಣು ಮುಚ್ಚಿ, ಇದಕ್ಕೆ ಟೀಚರ್ ಅಡುಗೆಮನೆಯಲ್ಲಿ ಇದ್ದಿದ್ದರೆ ಏನು ಕೂಗುತ್ತಿದ್ದರು ಎಂದು ಯೋಚಿಸಿದೆ. ಅದನ್ನು ಹೊಡೆದು ಹಾಕಿ ಇನ್ನೊಂದಕ್ಕೆ ಗುರುತು ಹಾಕಿದೆ.

ರಜೆಯೆಂದು ಸೋಫಾದಲ್ಲಿ ಕೂತಿದ್ದ ನನ್ನ ಗಂಡ ಪೇಪರ್ ಮುಖಕ್ಕೆ ಅಡ್ಡ ಹಿಡಿದರು. ಪೇಪರ್ ನಡುಗುತ್ತಿತ್ತು. ಸೂ ಮಿನ್‌ಳ ಮುಖದಲ್ಲಿ ಮಾತ್ರ ತಮಾಷೆಯ ಸುಳಿವೇ ಇರಲಿಲ್ಲ. ಎರಡನೇ ಮಾಳಿಗೆಯ ಅವಳ ಗೆಳತಿಗೆ ಮುಂದಿನ ತಿಂಗಳು ಇದೇ ಪರೀಕ್ಷೆಯಂತೆ, ಅವಳು ಬಂದು ಹಾಲ್‌ನಲ್ಲಿ ಕೂರಬಹುದೇ, ಟೀಚರ್ ಒಳಗಿನಿಂದ ಉತ್ತರ ಹೇಳುತ್ತಾರೆಯೇ ಎಂದು ಕೈ ಜೋಡಿಸಿ ಕೇಳಿದಳು.

ನನಗೆ ಸಿಟ್ಟು ಬರಬೇಕಿತ್ತು, ಬಂತು ಕೂಡ. ಆದರೆ ಕಲ್ಲಂಗಡಿ ಹಿಡಿದುಕೊಂಡು ಎಷ್ಟು ಹೊತ್ತು ಸಿಟ್ಟು ಮಾಡಲಾಗುತ್ತದೆ? ಭಾನುವಾರದಿಂದ ಬರಲಿ ಎಂದೆ. ನಿಜ ಹೇಳಬೇಕೆಂದರೆ, ಹದಿನಾಲ್ಕು ವರ್ಷದಿಂದ ಪ್ರತಿ ಶುಕ್ರವಾರ ಪಾಠ ಹೇಳುತ್ತಿದ್ದೇನೆ, ಹದಿಮೂರು ವರ್ಷದಿಂದ ಮಗಳಿಗೂ ಹೇಳುತ್ತಿದ್ದೇನೆ. ನನ್ನ ಮಾತನ್ನು ಅಷ್ಟು ಗಮನವಿಟ್ಟು ಕೇಳಿಸಿಕೊಂಡವರು ಇದುವರೆಗೆ ಬೇರೆ ಯಾರೂ ಇಲ್ಲ.